ಕೊಡಗಿನಲ್ಲಿ ಟೆಂಟ್ ಹಾಕುವವರಿಗೆ, ಹಾಕಿಸುವವರಿಗೆ: ಸೌದೆ ಎಲ್ಲಿಂದ ಬಂತು ಅಂತ ಕೇಳಿ

ಬೆಂಗಳೂರು, ಮೈಸೂರು, ಮಂಗಳೂರು ಕಡೆಯಿಂದ ಬರುವ ಗೆಳೆಯರೇ, ಇಲ್ಲಿ ಹೋಂಸ್ಟೇ, ಕ್ಯಾಂಪ್ ನಡೆಸುವ ನಮ್ಮ ಊರಿನವರೇ, ಜಿಲ್ಲಾಡಳಿತ ಮತ್ತು ಅರಣ್ಯ ಇಲಾಖೆಯ ಅಧಿಕಾರಿಗಳೇ,

ಎಲ್ಲರಿಗೂ ನಮಸ್ಕಾರ.

ಮಳೆ ಬಿಟ್ಟು ದಸರಾ ರಜೆ ಬಂದರೆ ಸಾಕು, ಟೆಂಟ್ ಕಟ್ಟಿಕೊಂಡು ಜನ ಕೊಡಗಿಗೆ ಬರಲು ಶುರು ಮಾಡುತ್ತಾರೆ. ಅಲ್ಲಿಂದ ಫೆಬ್ರವರಿ ಕಳೆಯುವ ತನಕ ಶನಿವಾರ ಬಂತೆಂದರೆ ತೋಟದ ನಡುವೆ, ಹೊಳೆ ದಂಡೆಯಲ್ಲಿ, ಬೆಟ್ಟದ ಬುಡದಲ್ಲಿ ಅಲ್ಲಲ್ಲಿ ಕ್ಯಾಂಪ್‌ಫೈರ್ ಉರಿಯುತ್ತದೆ. ಬನ್ನಿ, ಸಂತೋಷ. ಚಳಿಯಲ್ಲಿ ಬೆಂಕಿ ಕಾಯಿಸುತ್ತಾ ಕೂರುವ ಸುಖ ನಮಗೂ ಗೊತ್ತು. ಆದರೆ ಬುಕ್ ಮಾಡುವಾಗ ಪಂದಿ ಕರಿ ಸಿಗುತ್ತಾ, ನೆಟ್‌ವರ್ಕ್ ಬರುತ್ತಾ, ಬಿಸಿನೀರು ಇದೆಯಾ ಅಂತೆಲ್ಲ ವಿಚಾರಿಸುವವರು ಸೌದೆ ಬಗ್ಗೆ ಒಂದು ಮಾತೂ ಕೇಳುವುದಿಲ್ಲ. ಯಾವ ಮರ, ಎಲ್ಲಿ ಕಡಿದದ್ದು, ಯಾರು ತಂದದ್ದು, ಏನೂ ಇಲ್ಲ.

ನಾನು ಕೇಳಿಕೊಳ್ಳುವುದು ಇಷ್ಟು. ಎಲ್ಲಿ ಉರಿಸುತ್ತೀರೋ ಅದರ ಹತ್ತಿರದ ತೋಟದ ಸೌದೆಯನ್ನೇ ದುಡ್ಡು ಕೊಟ್ಟು ಕೊಳ್ಳಿ. ಹೊರಗಿನಿಂದ ಹೊತ್ತು ತರಬೇಡಿ. ಕಾಡಿನಿಂದ ಆಯಬೇಡಿ. ಉಳಿದದ್ದನ್ನು ಮುಂದಿನ ಊರಿಗೆ ಒಯ್ಯಬೇಡಿ. ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು, ದಯವಿಟ್ಟು ಪೂರ್ತಿ ಓದಿ.

ಹೊರಗಿನಿಂದ ತರುವ ಸೌದೆಯಿಂದ ಶುರು ಮಾಡುತ್ತೇನೆ. ಮನೆ ಹಿಂದೆ ಕಡಿದ ಮಾವಿನ ಕೊಂಬೆ ಸುಮ್ನೆ ಬಿದ್ದಿದೆ, ಡಿಕ್ಕಿಯಲ್ಲಿ ಜಾಗ ಇದೆ, ಹಾಕಿಕೊಂಡು ಹೋದರೆ ದುಡ್ಡು ಉಳಿಯುತ್ತದೆ ಅನ್ನಿಸುವುದು ಸಹಜ. ದಾರಿಯಲ್ಲಿ ಸಾಮಿಲ್ ಪಕ್ಕ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಮೂಟೆ ತುಂಬಿಕೊಂಡು ಬರುವವರೂ ಇದ್ದಾರೆ. ಮರ ಸತ್ತಿರುತ್ತದೆ, ನಿಜ. ಅದರ ಒಳಗಿರುವುದು ಸತ್ತಿರುವುದಿಲ್ಲ. ತೊಗಟೆ ಸಂದಿಯಲ್ಲಿ ಮೊಟ್ಟೆ ಇರುತ್ತದೆ, ಒಳಗೆ ಕೊರೆಯುತ್ತಾ ಕೂತ ಹುಳು ಇರುತ್ತದೆ, ಹಸಿ ಇದ್ದರೆ ಬೂಷ್ಟು ಬೇರೆ. ನೀವು ರಾತ್ರಿ ಅರ್ಧ ಉರಿಸಿ ಉಳಿದ ಅರ್ಧವನ್ನು ಅಲ್ಲೇ ಬಿಟ್ಟು ಹೋದರೆ ಆ ಹುಳು ಜೀರುಂಡೆಯಾಗಿ ಹೊರಗೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲ.

ಅಮೆರಿಕದವರಿಗೆ ಇದು ಅರ್ಥವಾಗುವ ಹೊತ್ತಿಗೆ ತಡವಾಗಿತ್ತು. ಅಲ್ಲಿ 2002ರಲ್ಲಿ ಮಿಶಿಗನ್ ರಾಜ್ಯದ ಡೆಟ್ರಾಯಿಟ್ ಹತ್ತಿರ ಎಮರಾಲ್ಡ್ ಆಶ್ ಬೋರರ್ ಅನ್ನುವ, ಆಶ್ ಮರ ಕೊರೆಯುವ ಹಸಿರು ಜೀರುಂಡೆ ಪತ್ತೆಯಾಯಿತು. ಏಷ್ಯಾದ ಹುಳು ಅದು. ಸರಕಿನ ಜೊತೆ ಬರುವ ಮರದ ಪೆಟ್ಟಿಗೆಗಳಲ್ಲಿ ಬಂದಿರಬೇಕು ಅನ್ನುತ್ತಾರೆ. ತಾನಾಗಿ ಹಾರಿದರೆ ಅದು ಜಾಸ್ತಿ ದೂರ ಹೋಗುವುದಿಲ್ಲ, ಒಂದು ವರ್ಷಕ್ಕೆ ಕೆಲವು ಕಿಲೋಮೀಟರ್ ಅಷ್ಟೇ. ಆದರೆ ಕ್ಯಾಂಪಿಂಗ್‌ಗೆ, ರಜೆಯ ಮನೆಗೆ ಹೊರಟವರು ಗಾಡಿಯಲ್ಲಿ ಹೇರಿಕೊಂಡ ಸೌದೆಯ ಜೊತೆ ಅದು ರಾಜ್ಯ ರಾಜ್ಯ ದಾಟಿತು. ಕೋಟಿಗಟ್ಟಲೆ ಆಶ್ ಮರಗಳು ಒಣಗಿ ನಿಂತವು. ಇವತ್ತು ನ್ಯೂಯಾರ್ಕ್ ರಾಜ್ಯದಲ್ಲಿ ಶಾಖ ಕೊಟ್ಟು ಹುಳು ಸಾಯಿಸದ ಸೌದೆಯನ್ನು 50 ಮೈಲಿಗಿಂತ ದೂರ, ಅಂದರೆ ಸುಮಾರು 80 ಕಿಲೋಮೀಟರ್‌ಗಿಂತ ದೂರ ಸಾಗಿಸುವ ಹಾಗಿಲ್ಲ. ಬೆಂಗಳೂರಿನಿಂದ ಮಡಿಕೇರಿಗೆ ಅದರ ಮೂರು ಪಟ್ಟು ದೂರ ಇದೆ. ಮೈಸೂರಿನಿಂದ ಬಂದರೂ ಆ ಅಂಕೆ ದಾಟುತ್ತದೆ.

ನಮ್ಮಲ್ಲಿ ಆಶ್ ಮರ ಇಲ್ಲ. ಕಾಫಿ ಇದೆ. ದೇಶದ ಕಾಫಿಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಈ ಒಂದು ಪುಟ್ಟ ಜಿಲ್ಲೆಯದು. ಆ ಕಾಫಿಗೆ ಬಿಳಿ ಕಾಂಡಕೊರಕ ಅಂತ ಒಂದು ಶತ್ರು ಇದೆ, ತೋಟದವರು ಬರೀ ಬೋರರ್ ಅನ್ನುತ್ತಾರೆ. ಸಪೂರ ಕಪ್ಪು ಜೀರುಂಡೆ, ರೆಕ್ಕೆ ಮೇಲೆ ಬಿಳಿ ಗೆರೆ. ಅರೇಬಿಕಾ ಜಾತಿಯ ಕಾಫಿ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ, ಮರಿ ಹುಳು ಕಾಂಡದ ಒಳಗೆ ಸುರಂಗ ಕೊರೆಯುತ್ತಾ ಬೇರಿನ ತನಕ ಇಳಿಯುತ್ತದೆ, ತಿಂಗಳುಗಟ್ಟಲೆ ಒಳಗೇ ಇರುತ್ತದೆ. ಎಲೆ ಹಳದಿಯಾಗಿ ಗಿಡ ಸೊರಗಿದಾಗಲೇ ಗೊತ್ತಾಗುವುದು. ಎಳೆ ಗಿಡವಾದರೆ ಸತ್ತೇ ಹೋಗುತ್ತದೆ. ಒಳಗೆ ಹೊಕ್ಕ ಮೇಲೆ ಔಷಧಿ ಹೊಡೆದು ಪ್ರಯೋಜನ ಇಲ್ಲ, ಕಿತ್ತು ಸುಡಬೇಕು. ಸೌದೆಗೆ ಅಂತ ಇಟ್ಟುಕೊಳ್ಳುವುದಾದರೆ ವಾರ ಹತ್ತು ದಿನ ನೀರಿನಲ್ಲಿ ಮುಳುಗಿಸಿ ಹುಳು ಸಾಯಿಸಿ ಆಮೇಲೆ ಒಣಗಿಸಿ ಅಂತ ಕಾಫಿ ಮಂಡಳಿಯವರು ಹೇಳುತ್ತಲೇ ಬಂದಿದ್ದಾರೆ.

ಈಗ ಒಂದು ಲೆಕ್ಕ ನೋಡಿ. ಈ ಜೀರುಂಡೆ ಕಾಂಡದಿಂದ ಹೊರಬಂದು ಹಾರುವುದು ವರ್ಷಕ್ಕೆ ಎರಡು ಸಲ. ಒಂದು ಏಪ್ರಿಲ್, ಮೇ. ಇನ್ನೊಂದು ಅಕ್ಟೋಬರ್‌ನಿಂದ ಡಿಸೆಂಬರ್. ಈ ಎರಡನೆಯದು ಟೆಂಟ್ ಸೀಸನ್‌ಗೆ ಸರಿಯಾಗಿ ಬೀಳುತ್ತದೆ, ಅಲ್ವಾ? ಯಾರೋ ಒಂದು ತೋಟದಲ್ಲಿ ಬೋರರ್ ಬಿದ್ದ ಗಿಡ ಕಿತ್ತು ರಾಶಿ ಹಾಕಿರುತ್ತಾರೆ. ಸುಡುವ ಬದಲು ಪಿಕಪ್‌ಗೆ ತುಂಬಿ ಕ್ಯಾಂಪಿನವರಿಗೆ ಮಾರುತ್ತಾರೆ. ಆ ಸೌದೆ ಸೋಮವಾರಪೇಟೆ ಕಡೆಯದ್ದು, ಬಂದು ಬೀಳುವುದು ಮಡಿಕೇರಿ ಕಡೆಯ ಇನ್ನೊಂದು ಅರೇಬಿಕಾ ತೋಟದ ಅಂಚಿನಲ್ಲಿ. ಒಂದು ವಾರ ಗಿರಾಕಿ ಬರಲಿಲ್ಲ ಅಂದರೆ ರಾಶಿ ಹಾಗೇ ಇರುತ್ತದೆ. ಪಕ್ಕದ ತೋಟದವನು ವರ್ಷವಿಡೀ ಒಂದೊಂದು ಗಿಡದ ಕಾಂಡ ಉಜ್ಜಿ, ಬೋರರ್ ಹುಡುಕಿ ಕಿತ್ತಿರುತ್ತಾನೆ. ಅವನ ಶ್ರಮ ಆ ಒಂದು ರಾಶಿಯಿಂದ ಹಾಳಾಗುತ್ತದೆ. ಇದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಕಾಫಿ ಗಿಡದ ಸೌದೆ ಒಳ್ಳೆಯದೇ. ಗಟ್ಟಿ, ನಿಧಾನ ಉರಿಯುತ್ತದೆ, ಒಳ್ಳೆ ಕೆಂಡ ಬೀಳುತ್ತದೆ, ಮಾಂಸ ಸುಡಲು ಅದಕ್ಕಿಂತ ಬೇರೆ ಬೇಡ. ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾಗೆ ಈ ಬೋರರ್ ಕಾಟ ಕಡಿಮೆ, ಹಾಗಾಗಿ ರೊಬಸ್ಟಾ ಕಪಾತಿನ, ಅಂದರೆ ಗಿಡ ಸವರುವಾಗ ಕಡಿದ ಹಳೆ ಕಾಂಡ, ಚೆನ್ನಾಗಿ ಒಣಗಿದ್ದು ಸಿಕ್ಕರೆ ಧೈರ್ಯವಾಗಿ ತೆಗೆದುಕೊಳ್ಳಿ. ಅರೇಬಿಕಾ ಆದರೆ ಯಾವ ತೋಟದ್ದು, ಯಾಕೆ ಕಿತ್ತರು ಅಂತ ಕೇಳಿ. ತುದಿಯಲ್ಲಿ ಪೆನ್ಸಿಲ್ ಗಾತ್ರದ ತೂತು, ಒಳಗೆ ಗಟ್ಟಿಯಾಗಿ ತುಂಬಿದ ಹೊಟ್ಟು ಕಂಡರೆ ಬೇಡ ಅನ್ನಿ.

ಎರಡನೆಯದು ಕಾಡಿನ ಸೌದೆ. ಒಣಗಿ ಬಿದ್ದ ಕೊಂಬೆ ತಾನೇ, ಯಾರಿಗೆ ನಷ್ಟ ಅನ್ನುವ ಮಾತು ತುಂಬಾ ಕೇಳುತ್ತೇನೆ. ನಷ್ಟ ಇದೆ. ಬಿದ್ದ ಮರ ಕೊಳೆತು ಮಣ್ಣಾಗುವ ತನಕ ಅದರಲ್ಲಿ ಅಣಬೆ, ಗೆದ್ದಲು, ಹಲ್ಲಿ, ಹಾವು, ಕಪ್ಪೆ ಎಲ್ಲ ಬದುಕುತ್ತವೆ. ನಿಂತೇ ಒಣಗಿದ ಮರದ ಪೊಟರೆಯಲ್ಲಿ ಹಕ್ಕಿಗಳು ಗೂಡು ಮಾಡುತ್ತವೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರೂ ವನ್ಯಜೀವಿಧಾಮಗಳು, ನಾಗರಹೊಳೆ ರಾಷ್ಟ್ರೀಯ ಉದ್ಯಾನ. ಅಲ್ಲಿ ಅನುಮತಿ ಇಲ್ಲದೆ ಒಂದು ಕಡ್ಡಿ ತೆಗೆದರೂ ತಪ್ಪು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೆಂಕಿಗೇ ಅಂತ ಒಂದು ಕಲಂ ಇದೆ: ಕಾಡಿಗೆ ಅಪಾಯ ಆಗುವ ಹಾಗೆ ಬೆಂಕಿ ಹಚ್ಚುವುದೂ ಅಪರಾಧ, ಉರಿಯುವ ಬೆಂಕಿ ಬಿಟ್ಟು ಬರುವುದೂ ಅಪರಾಧ. ತಡಿಯಂಡಮೋಳ್ ಬೆಟ್ಟದ ಹುಲ್ಲುಗಾವಲು ಫೆಬ್ರವರಿ, ಮಾರ್ಚ್‌ನಲ್ಲಿ ಹೇಗೆ ಒಣಗಿರುತ್ತದೆ ಅಂತ ನೋಡಿದವರಿಗೆ ಆ ಕಲಂ ಯಾಕೆ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ. ಅದೇ ತಿಂಗಳುಗಳಲ್ಲಿ ಇಲಾಖೆಯ ವಾಚರ್‌ಗಳು ಬಿಸಿಲಲ್ಲಿ ಬೆಂಕಿ ರೇಖೆ ಕಾಯುತ್ತಾ ಬೆಟ್ಟದ ಮೇಲಿರುತ್ತಾರೆ, ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವವರು ಅವರೇ. ದೇವರಕಾಡಿನ ವಿಷಯ ಬೇರೆ ಹೇಳಬೇಕಾ? ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ, ಬೋರ್ಡ್ ಇಲ್ಲದಿದ್ದರೆ ನಿಮಗೆ ಗೊತ್ತಾಗದೇ ಇರಬಹುದು. ಊರಿನವರನ್ನು ಕೇಳಿ. ಅಲ್ಲಿ ಊರಿನವರೇ ಕತ್ತಿ ಹಾಕುವುದಿಲ್ಲ.

ಇನ್ನೊಂದು ವಿಷಯ ಯಾರೂ ಮಾತಾಡುವುದಿಲ್ಲ. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದಾರೆ, ತೋಟಗಳಲ್ಲಿ ಲೈನ್ ಮನೆಯವರು, ಅಂದರೆ ಸಾಲು ಮನೆಗಳಲ್ಲಿರುವ ತೋಟದ ಕೂಲಿಯವರು ಇದ್ದಾರೆ. ಅವರಲ್ಲಿ ತುಂಬಾ ಜನರಿಗೆ ಅನ್ನ ಬೇಯಿಸಲು, ಮಕ್ಕಳಿಗೆ ನೀರು ಕಾಯಿಸಲು ಇವತ್ತಿಗೂ ಸೌದೆಯೇ. ಒಂದು ತಲೆಹೊರೆ ಸೌದೆಗೆ ಹೆಂಗಸರು ಎಷ್ಟು ದೂರ ನಡೆಯುತ್ತಾರೆ, ಸಿದ್ದಾಪುರ, ಮಾಲ್ದಾರೆ ಕಡೆ ಆನೆ ಯಾವ ತಿರುವಿನಲ್ಲಿ ನಿಂತಿರುತ್ತದೋ ಅನ್ನುವ ಭಯದಲ್ಲಿ ಹೇಗೆ ಹೊತ್ತು ತರುತ್ತಾರೆ ಅನ್ನುವುದನ್ನು ನೋಡಬೇಕು. ಕ್ಯಾಂಪಿನವರು ಜಾಸ್ತಿ ದುಡ್ಡು ಕೊಡುತ್ತಾರೆ ಅಂತ ಹತ್ತಿರದ ಕಟ್ಟಿಗೆಯೆಲ್ಲ ಪಿಕಪ್ ಹತ್ತಿದರೆ ಅವರು ಇನ್ನೂ ಒಳಗೆ, ಇನ್ನೂ ಕತ್ತಲೆಗೆ ಹೋಗಬೇಕಾಗುತ್ತದೆ. ಸಂಜೆ ಹೊತ್ತು ನಿಮ್ಮ ಕ್ಯಾಂಪಿನ ಹುಡುಗನನ್ನು ಸೌದೆ ತಾ ಅಂತ ಕಾಡಿನ ಕಡೆ ಕಳಿಸುವುದಂತೂ ದಯವಿಟ್ಟು ಬೇಡ. ಅವನಿಗೂ ಮನೆಯಲ್ಲಿ ಕಾಯುವವರಿದ್ದಾರೆ.

ಹಾಗಾದರೆ ಏನು ಕೊಳ್ಳಬೇಕು? ಸಿಲ್ವರ್ ಮರ. ಕೊಡಗಿನ ತೋಟಗಳಲ್ಲಿ ನೆರಳಿಗೆ, ಕರಿಮೆಣಸಿನ ಬಳ್ಳಿ ಹಬ್ಬಿಸಲು ಸಿಲ್ವರ್ ಓಕ್ ಬೇಕಾದಷ್ಟು ಇದೆ, ಇದನ್ನು ಕಡಿಯಲು ಬೀಟೆ, ಹೊನ್ನೆ ಹಾಗೆ ಇಲಾಖೆಯ ಅನುಮತಿ ಕಾಯಬೇಕಿಲ್ಲ. ದಿಮ್ಮಿ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ, ತುದಿ ಮತ್ತು ಕೊಂಬೆ ತೋಟದಲ್ಲೇ ಉಳಿಯುತ್ತದೆ. ಮಳೆಗಾಲಕ್ಕೆ ಮುಂಚೆ ಮರ ಕಪಾತು ಮಾಡುವಾಗ ಬೀಳುವ ಹಾಲುವಾಣ, ಹಲಸು, ಅತ್ತಿ ಕೊಂಬೆಗಳೂ ಹಾಗೇ. ಅದನ್ನು ಸೀಳಿ ಸೌದೆ ಕೊಟ್ಟಿಗೆಯಲ್ಲಿ ಒಟ್ಟಿಟ್ಟರೆ ಮಳೆ ಕಳೆದು ಚಳಿ ಬರುವಷ್ಟರಲ್ಲಿ ಬಳಸಬಹುದು, ಇನ್ನೊಂದು ಬೇಸಿಗೆ ಕಂಡರೆ ಇನ್ನೂ ಒಳ್ಳೆಯದು. ಸಿಲ್ವರ್ ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಹಾಗಾಗಿ ಹಚ್ಚಲು ಸಿಲ್ವರ್, ಆಮೇಲೆ ನಿಲ್ಲಲು ಎರಡು ಮೂರು ತುಂಡು ರೊಬಸ್ಟಾ ಕಾಂಡ. ಹೊತ್ತಿಸಲು ತೆಂಗಿನ ಗರಟೆ, ಒಣ ಗರಿ ಸಾಕು. ತೋಟದ ಬೇಲಿಯಲ್ಲಿ ಒಣಗಿದ ಲಂಟಾನ ಇದ್ದರೆ ಮಾಲೀಕರನ್ನು ಕೇಳಿ ಮುರಿದುಕೊಳ್ಳಿ, ಅದು ಹೋದಷ್ಟೂ ಎಲ್ಲರಿಗೂ ಒಳ್ಳೆಯದು.

ಬೀಟೆ, ಹೊನ್ನೆ, ನಂದಿ, ಮತ್ತಿ ಅಂತ ಯಾರಾದರೂ ಹೆಮ್ಮೆಯಿಂದ ತಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಹಿಂದೆ ಇಲ್ಲಿ ಗದ್ದೆಯ ಜೊತೆ ಬಾಣೆ ಜಮೀನು ಕೊಡುತ್ತಿದ್ದದ್ದೇ ಆ ಮನೆಯ ಸೌದೆಗೆ, ಗದ್ದೆಗೆ ಸೊಪ್ಪಿಗೆ, ದನ ಮೇಯಿಸಲು. ಆ ಬಾಣೆಯ ಬಹುಪಾಲು ಈಗ ಕಾಫಿ ತೋಟ. ಹಳೆ ಕಾಡುಮರಗಳು ಕಾಫಿ ಮೇಲೆ ನೆರಳಾಗಿ ಉಳಿದಿರುವುದೇ ನಮ್ಮ ಪುಣ್ಯ. ಇಲ್ಲಿ ಇನ್ನೊಂದು ಕೊಂಡಿ ಇದೆ. ನೆರಳು ತೆಳುವಾಗಿ ಬಿಸಿಲು ನೇರ ಬೀಳುವ ಕಾಫಿ ಗಿಡಕ್ಕೇ ಬೋರರ್ ಜಾಸ್ತಿ ಬರುತ್ತದೆ. ಸೌದೆಗೆ ಒಳ್ಳೆ ಬೆಲೆ ಬಂತು ಅಂತ ನೆರಳು ಮರ ಕಡಿದರೆ ಮೊದಲು ಮರ ಹೋಗುತ್ತದೆ, ಹಿಂದೆಯೇ ಕಾಫಿ ಹೋಗುತ್ತದೆ. ನೀವು ಕೊಡುವ ದುಡ್ಡು ಕಪಾತಿನ ಕೊಂಬೆಗೆ ಹೋಗಬೇಕು, ನಿಂತ ಮರಕ್ಕೆ ಹೋಗಬಾರದು.

ಕೊಳ್ಳುವಾಗ ನಾಚಿಕೆ ಬೇಡ. "ಅಣ್ಣಾ, ಇದು ಯಾವ ಮರ? ಯಾವ ತೋಟದ್ದು? ಕಡಿದು ಎಷ್ಟು ಸಮಯ ಆಯಿತು?" ಅಂತ ಕೇಳಿ. ತೋಟದಿಂದ ತಂದವರು ತಟ್ಟನೆ ಹೇಳುತ್ತಾರೆ, ತೋಟದ ಹೆಸರೂ ಹೇಳುತ್ತಾರೆ. ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ. ಒಣಗಿದೆಯಾ ಅಂತ ತಿಳಿಯಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಒಣ ಸೌದೆ ಟಣ್ ಅನ್ನುತ್ತದೆ, ಹಸಿಯದ್ದು ದಬ್ ಅನ್ನುತ್ತದೆ. ಕಡಿದ ತುದಿಯಲ್ಲಿ ಬಿರುಕು ಬಿಟ್ಟಿರಬೇಕು, ಕೈಗೆ ಹಗುರ ಅನ್ನಿಸಬೇಕು, ತೊಗಟೆ ಸುಲಭವಾಗಿ ಬಿಡಬೇಕು. ಹಸಿ ಸೌದೆಯ ಭಾರದಲ್ಲಿ ಅರ್ಧ ನೀರೇ ಇರಬಹುದು, ತೂಕಕ್ಕೆ ಕೊಂಡರೆ ನೀರಿಗೆ ದುಡ್ಡು ಕೊಟ್ಟ ಹಾಗೆ, ಮೇಲೆ ಕಣ್ಣುರಿಯುವ ಹೊಗೆ. ನಾಲ್ಕೈದು ಜನ ಊಟದ ನಂತರ ಎರಡು ಮೂರು ಗಂಟೆ ಕೂರಲು ಒಂದು ಹೊರೆ ಒಣ ಸೌದೆ ಸಾಕು. ಬೆಂಕಿ ಆಳೆತ್ತರ ಏಳಲೇಬೇಕು ಅಂತ ಏನಿಲ್ಲ.

ಚೇರಿನ ಮರದ ಬಗ್ಗೆ ಎಚ್ಚರ. ಅದರ ರಸ ತಾಗಿದರೆ ಮೈಮೇಲೆ ಗುಳ್ಳೆ ಏಳುತ್ತದೆ, ಹೊಗೆಯೂ ಒಳ್ಳೆಯದಲ್ಲ. ಗೊತ್ತಿಲ್ಲದ ಕಟ್ಟಿಗೆ ಮುಟ್ಟಬೇಡಿ ಅನ್ನುವುದಕ್ಕೆ ಇದೂ ಒಂದು ಕಾರಣ. ಬಿದಿರಿನ ಗೆಣ್ಣು ಮುಚ್ಚಿದ ತುಂಡನ್ನು ಬೆಂಕಿಗೆ ಹಾಕಿದರೆ ಪಟಾಕಿಯಂತೆ ಸಿಡಿಯುತ್ತದೆ. ಬಣ್ಣ ಬಳಿದ ಹಲಗೆ, ಪ್ಲೈವುಡ್ ತುಂಡು, ಹಳೆ ಟೈರ್ ಇವು ಯಾವುದೂ ಸೌದೆ ಅಲ್ಲ. ಅದರ ಹೊಗೆ ನಿಮ್ಮ ಮಕ್ಕಳ ಎದೆಗೇ ಹೋಗುವುದು.

ಎಲ್ಲಿ ಉರಿಸುವುದು ಅನ್ನುವುದೂ ಮುಖ್ಯ. ಮೆಣಸಿನ ಬಳ್ಳಿ ಹಬ್ಬಿದ ಮರದ ಬುಡದಲ್ಲಿ ಬೇಡ, ಶಾಖಕ್ಕೆ ಬಳ್ಳಿ ಬಾಡುತ್ತದೆ. ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ಬೇಡ, ನೆಲ ಒಡೆದು ಏಳುತ್ತದೆ, ಅದೇ ತಿಂಗಳು ಕಾಫಿ ಹರಡಬೇಕಿರುತ್ತದೆ. ಕಬ್ಬಿಣದ ಬಾಣಲೆಯಂಥ ಅಗ್ಗಿಷ್ಟಿಕೆ ಇದ್ದರೆ ಎಲ್ಲಕ್ಕಿಂತ ವಾಸಿ. ಸುತ್ತ ತರಗೆಲೆ ಗುಡಿಸಿ. ಮಲಗುವ ಮುಂಚೆ ನೀರು ಸುರಿದು, ಕೋಲಿನಿಂದ ಕೆದಕಿ, ಮತ್ತೆ ಸುರಿದು, ಬೂದಿಯ ಹತ್ತಿರ ಕೈ ಹಿಡಿದರೆ ಬಿಸಿ ತಾಗಬಾರದು. ಬರೀ ಮಣ್ಣು ಮುಚ್ಚಿದರೆ ಕೆಂಡ ಒಳಗೇ ಬದುಕಿರುತ್ತದೆ. ಮತ್ತೆ, ಚಳಿ ಅಂತ ಕೆಂಡದ ತಟ್ಟೆಯನ್ನು ಟೆಂಟ್ ಒಳಗೆ ಇಟ್ಟುಕೊಳ್ಳಲೇಬೇಡಿ. ಅದರಿಂದ ಬರುವ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್ ತನಕ ಬರುವವರಿಗೆ ಒಂದು ಮಾತು. ಮಳೆಗಾಲದಲ್ಲಿ ಕ್ಯಾಂಪ್‌ಫೈರ್ ಕೇಳಬೇಡಿ. ಹೊರಗೆ ಮಳೆ ಸುರಿಯುವಾಗ ಒಣ ಸೌದೆ ಇರುವುದು ಒಲೆಗಷ್ಟೇ ಆಗುವಷ್ಟು. ನೀವು ಹಠ ಮಾಡಿದರೆ ಅವರು ಹಸಿ ಕಟ್ಟಿಗೆಗೆ ಡೀಸೆಲ್ ಸುರಿದು ಹಚ್ಚುತ್ತಾರೆ. ಜಗಲಿಯಲ್ಲಿ ಕೂತು ಬಿಸಿ ಕಾಫಿ ಕುಡಿಯಿರಿ, ಮಳೆ ನೋಡಿ.

ಹೋಂಸ್ಟೇ, ಕ್ಯಾಂಪ್ ನಡೆಸುವವರಿಗೆ: ನೀವು ನಮ್ಮವರು, ಅದಕ್ಕೇ ಬಿಡಿಸಿ ಹೇಳುತ್ತಿದ್ದೇನೆ. ಸೌದೆ ನಿಮ್ಮ ತೋಟದ್ದೇ ಇರಲಿ, ಇಲ್ಲದಿದ್ದರೆ ಪಕ್ಕದ ತೋಟದ್ದು. ಮೇ ತಿಂಗಳಲ್ಲಿ ಕಪಾತು ಆಗುವಾಗಲೇ ಮಾತಾಡಿ ಒಟ್ಟಿಸಿಟ್ಟುಕೊಳ್ಳಿ, ಡಿಸೆಂಬರ್ 24ಕ್ಕೆ ಫೋನ್ ಮಾಡಿದರೆ ಯಾವ ಕಾಡಿನದ್ದು ಬರುತ್ತದೋ ಯಾರಿಗೆ ಗೊತ್ತು. ಲೈನ್ ಮನೆಯವರ ಪಾಲು ಮೊದಲು ತೆಗೆದಿಡಿ. ಗಿರಾಕಿಗೆ ಹೊರೆ ಲೆಕ್ಕದಲ್ಲಿ ಕೊಟ್ಟು ಬಿಲ್‌ನಲ್ಲಿ ಬರೆಯಿರಿ, ಮರದ ಹೆಸರೂ ಬರೆಯಿರಿ. ಉಚಿತ ಕ್ಯಾಂಪ್‌ಫೈರ್ ಅಂತ ಬೋರ್ಡ್ ಹಾಕಿದರೆ ಮಧ್ಯರಾತ್ರಿ ತನಕ ಸುರಿಯುತ್ತಲೇ ಇರುತ್ತಾರೆ, ಬೆಲೆ ಇದ್ದರೆ ಒಂದು ತುಂಡು ಹಾಕುವ ಮುಂಚೆ ಯೋಚಿಸುತ್ತಾರೆ. ಗಿರಾಕಿ ಬಿಟ್ಟು ಹೋದ ಹೊರಗಿನ ಸೌದೆ ಇದ್ದರೆ ರಾಶಿಗೆ ಸೇರಿಸಬೇಡಿ, ಮಾರನೇ ದಿನವೇ ನೀರೊಲೆಗೆ ಹಾಕಿ ಮುಗಿಸಿ.

ಅಧಿಕಾರಿಗಳಿಗೆ ನನ್ನ ಕೋರಿಕೆ ದೊಡ್ಡದಲ್ಲ. ಹೋಂಸ್ಟೇ ನೋಂದಣಿ ಮಾಡುವಾಗ, ನವೀಕರಿಸುವಾಗ ಸೌದೆ ಎಲ್ಲಿಂದ ತರುತ್ತೀರಿ ಅನ್ನುವ ಒಂದು ಸಾಲು ಅರ್ಜಿಯಲ್ಲಿ ಸೇರಿಸಿ. ಟೆಂಟ್ ಕ್ಯಾಂಪ್‌ಗಳಿಗೂ ಅದೇ ನಿಯಮ ಇರಲಿ. ಕುಶಾಲನಗರ, ಸಂಪಾಜೆ, ಕುಟ್ಟ, ಮಾಕುಟ್ಟ, ಈ ನಾಲ್ಕು ದಾರಿಯಲ್ಲಿ ಜಿಲ್ಲೆಗೆ ಬರುವವರ ಕಣ್ಣಿಗೆ ಬೀಳುವ ಹಾಗೆ, ಸೌದೆ ಹೊತ್ತು ತರಬೇಡಿ, ಇಲ್ಲಿನ ತೋಟದ್ದೇ ಕೊಳ್ಳಿ ಅನ್ನುವ ಫಲಕ ಹಾಕಿಸಿ. ಸ್ತ್ರೀಶಕ್ತಿ ಸಂಘಗಳಿಗೆ ತೋಟದ ಕಪಾತು ಸೌದೆ ಕಟ್ಟು ಮಾಡಿ ಮಾರುವ ಅವಕಾಶ ಮಾಡಿಕೊಟ್ಟರೆ ಹೆಂಗಸರ ಕೈಗೆ ನಾಲ್ಕು ಕಾಸು ಬರುತ್ತದೆ, ಪ್ರವಾಸಿಗರಿಗೂ ಎಲ್ಲಿ ಕೊಳ್ಳಬೇಕು ಅನ್ನುವ ಗೊಂದಲ ಇರುವುದಿಲ್ಲ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ ಇದೆ, ಬೋರರ್ ಬಿದ್ದ ಸೌದೆ ಗುರುತಿಸುವುದು ಹೇಗೆ ಅಂತ ಕ್ಯಾಂಪ್ ನಡೆಸುವವರಿಗೆ ಅರ್ಧ ದಿನ ಹೇಳಿಕೊಡಲು ಅವರನ್ನು ಕೇಳಬಹುದು. ಸೆಪ್ಟೆಂಬರ್ ಕೊನೆಯೊಳಗೆ, ಅಂದರೆ ಜೀರುಂಡೆ ಹಾರುವ ಮುಂಚೆ, ಟೆಂಟ್‌ಗಳು ಏಳುವ ಮುಂಚೆ ಇದು ಆಗಬೇಕು. ಕರೆದರೆ ನಾನೂ ಬರುತ್ತೇನೆ, ನಮ್ಮ ಊರಿನ ಬೆಳೆಗಾರರನ್ನೂ ಕರೆತರುತ್ತೇನೆ.

ಇಂತಿ,
ಸುಂಟಿಕೊಪ್ಪ ಕಡೆಯ ಒಬ್ಬ ಕಾಫಿ ಬೆಳೆಗಾರ